ಮೂರಂಕಿಯ ಲಕೋಟೆ

೧೯೬೧ನೆಯ ಇಸವಿಯ ಏಪ್ರಿಲ್ ೧೨ರ ಬೆಳಗ್ಗೆ ಬೈಕನೂರಿನ ಬಯಲಿನಿಂದ ಮೇಲೆದ್ದ ವೋಸ್ತೋಕ್ ನೌಕೆಯಲ್ಲಿ ಯೂರಿ ಗಗಾರಿನ್ ಎಂಬ ಇಪ್ಪತ್ತೇಳು ವರ್ಷದ ಯುದ್ಧವಿಮಾನ ಚಾಲಕನೊಡನೆ ಮೊಹರು ಮಾಡಿದ ಒಂದು ಲಕೋಟೆಯೂ ಪ್ರಯಾಣ ಮಾಡಿತು. ಮನುಷ್ಯಜಾತಿಯ ಮೊತ್ತಮೊದಲ ಅಂತರಿಕ್ಷಯಾತ್ರಿಯ ಎದುರಿಗೆ ನೌಕೆಯ ಮುಖವನ್ನು ಬೇಕಾದತ್ತ ತಿರುಗಿಸುವ ಹಿಡಿಯೊಂದಿದ್ದಿತು. ಆದರೆ ಆ ಹಿಡಿಗೆ ಬೀಗ ಬಿದ್ದಿದ್ದಿತು. ಅಂಕಿಗಳಿರುವ ಸಣ್ಣದೊಂದು ಫಲಕದ ಮೇಲೆ ಸರಿಯಾದ ಮೂರು ಗುಂಡಿಗಳನ್ನು ಕ್ರಮವಾಗಿ ಒತ್ತಿದ ಹೊರತು ಅದು ಅವನ ಕೈಮಾತನ್ನು ಕೇಳುವಂತಿರಲಿಲ್ಲ, ಮತ್ತು ಆ ಮೂರು ಅಂಕಿಗಳಾವುವೆಂಬುದನ್ನು ಬರೆದು ಲಕೋಟೆಯೊಳಗೆ ಮುಚ್ಚಿಡಲಾಗಿದ್ದಿತು. ಯಂತ್ರ ಕೆಟ್ಟರೆ ಲಕೋಟೆಯನ್ನು ಒಡೆಯಬೇಕು, ಅಂಕಿಗಳನ್ನು ಓದಬೇಕು, ಗುಂಡಿಗಳನ್ನು ಒತ್ತಬೇಕು. ಇಷ್ಟನ್ನು ಮಾಡಬಲ್ಲವನಾದರೆ ಅವನ ಬುದ್ಧಿ ಸ್ತಿಮಿತದಲ್ಲಿದೆಯೆಂದೇ ಅರ್ಥ. ಆಗ ಮಾತ್ರ ನೌಕೆಯನ್ನು ಅವನ ವಶಕ್ಕೆ ಕೊಡಬಹುದು. ಏರ್ಪಾಟಿನ ಹಿಂದಿದ್ದ ತರ್ಕ ಇದು.

ಇಂದು ಇದನ್ನು ಓದುವವರಿಗೆ ಈ ಎಚ್ಚರಿಕೆಯು ಅತಿಯಾಯಿತೆಂದು ತೋರಬಹುದು. ಆದರೆ ತೂಕವಿಲ್ಲದ ಸ್ಥಿತಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಇದ್ದ ಮನುಷ್ಯನು ಅಂದಿಗೆ ಭೂಮಿಯ ಮೇಲೆ ಒಬ್ಬನೂ ಇರಲಿಲ್ಲವೆಂಬುದನ್ನು ಮರೆಯಲಾಗದು. ಕಪ್ಪು ಆಕಾಶವನ್ನೂ ಕಾಲಡಿಯಲ್ಲಿ ಉರುಳುವ ಭೂಮಿಯನ್ನೂ ಒಟ್ಟಿಗೆ ಕಂಡ ಮನಸ್ಸು ಭ್ರಮೆಗೊಳಗಾದೀತೆಂದೂ, ಭ್ರಾಂತನಾದವನು ಹಿಡಿಯನ್ನು ತಪ್ಪಾಗಿ ತಿರುಗಿಸಿ ತನ್ನ ಪ್ರಾಣವನ್ನೇ ಕಳೆದುಕೊಂಡಾನೆಂದೂ ವೈದ್ಯರು ಹೆದರಿದರು. ಯಂತ್ರಜ್ಞರಿಗೆ ಬೇರೊಂದು ಕಾರಣವಿದ್ದಿತು. ಸೆರ್ಗೆಯ್ ಕೊರೊಲ್ಯೋವ್ ಮತ್ತು ಅವರ ಸಹೋದ್ಯೋಗಿಗಳು ಕ್ಷಿಪಣಿಗಳನ್ನು ಕಟ್ಟಿ ಪಳಗಿದವರು; ಕ್ಷಿಪಣಿಗೆ ಸಾರಥಿಯಿಲ್ಲ, ಅದು ಹೊರಡುವ ಮುನ್ನವೇ ಅದರ ದಾರಿಯೆಲ್ಲವೂ ನಿಶ್ಚಯವಾಗಿರಬೇಕು. ಸೂರ್ಯನನ್ನು ಹುಡುಕಿ ಅದರ ಆಧಾರದಿಂದ ನೌಕೆಯ ದಿಕ್ಕನ್ನು ಸರಿಪಡಿಸುವ ವ್ಯವಸ್ಥೆಯನ್ನು ಬೋರಿಸ್ ರೌಷೆನ್‌ಬಾಖ್ ಎಂಬ ವಿದ್ವಾಂಸರ ಬಳಗವು ರಚಿಸಿತ್ತು. ೧೯೬೦ರ ಆಗಸ್ಟ್‌ನಲ್ಲಿ ಬೆಲ್ಕಾ, ಸ್ಟ್ರೆಲ್ಕಾ ಎಂಬ ನಾಯಿಗಳೆರಡು ಇಂಥ ನೌಕೆಯಲ್ಲಿಯೇ ಕುಳಿತು ಭೂಮಿಯನ್ನು ಸುತ್ತಿ ಸುರಕ್ಷಿತವಾಗಿ ಮರಳಿದ್ದವು. ನಾಯಿಗಳನ್ನು ಕ್ಷೇಮವಾಗಿ ತಂದ ಯಂತ್ರವು ಮನುಷ್ಯನನ್ನೂ ತಂದೀತು, ಅವನು ಸುಮ್ಮನಿದ್ದರೆ ಸಾಕು ಎಂಬ ವಿಚಾರದಲ್ಲಿ ಅಹಂಕಾರಕ್ಕಿಂತ ಅನುಭವವೇ ಹೆಚ್ಚಾಗಿದ್ದಿತು.

ಹೀಗಿದ್ದರೂ ಆ ರಹಸ್ಯವು ರಹಸ್ಯವಾಗಿ ಉಳಿಯಲಿಲ್ಲ. ನೌಕೆಯ ನಿರ್ಮಾಣದ ಹೊಣೆ ಹೊತ್ತಿದ್ದ ಒಲೆಗ್ ಇವನೋವ್‌ಸ್ಕಿಯವರೂ, ಗಗನಯಾತ್ರಿಗಳಿಗೆ ಪಾಠ ಹೇಳಿದ್ದ ಪರೀಕ್ಷಾಚಾಲಕ ಮಾರ್ಕ್ ಗಲ್ಲಾಯ್ ಅವರೂ ಆ ಅಂಕಿಗಳನ್ನು ಹಾರಾಟಕ್ಕೆ ಮುಂಚೆಯೇ ಗಗಾರಿನ್ನನ ಕಿವಿಯಲ್ಲಿ ಹೇಳಿಬಿಟ್ಟಿದ್ದರು. ಒಂದು, ಎರಡು, ಐದು. ಉಸಿರು ಕಟ್ಟುವ ಗಳಿಗೆಯಲ್ಲಿ ಕೈಗವಸು ತೊಟ್ಟ ಬೆರಳುಗಳಿಂದ ಲಕೋಟೆ ಹರಿಯುತ್ತ ಕೂರುವ ಗತಿ ಈ ಹುಡುಗನಿಗೆ ಬಾರದಿರಲಿ ಎಂಬ ಕಳಕಳಿಯೊಂದೇ ಅವರಿಂದ ನಿಯಮವನ್ನು ಮುರಿಸಿತು. ಯಂತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಮನುಷ್ಯನಿಗೆ ಕೀಲಿಕೈಯನ್ನು ಗುಟ್ಟಾಗಿ ಕೊಟ್ಟರೆಂಬುದು ನನಗೆ ಬಹಳ ದೊಡ್ಡ ಸಂಗತಿಯೆಂದು ತೋರುತ್ತದೆ. ಗಗಾರಿನ್ನನಿಗೆ ಆ ಕೀಲಿಕೈ ಬೇಕಾಗಲಿಲ್ಲ. ೧೦೮ ನಿಮಿಷಗಳ ಯಾತ್ರೆಯನ್ನು ಯಂತ್ರವೇ ಮುಗಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಘೆರ್ಮನ್ ತಿತೋವ್ ಒಂದು ಹಗಲೂ ಒಂದು ರಾತ್ರಿಯೂ ಕಕ್ಷೆಯಲ್ಲಿದ್ದು, ಹೊಟ್ಟೆ ತೊಳಸಿ ತಲೆ ತಿರುಗುತ್ತಿದ್ದರೂ ಹಿಡಿಯನ್ನು ತಾನೇ ಹಿಡಿದು ನೌಕೆಯನ್ನು ತಿರುಗಿಸಿ ನೋಡಿದ ಮೇಲೆ, ಮನುಷ್ಯನ ಬುದ್ಧಿ ಅಲ್ಲಿ ಕದಡುವುದೆಂಬ ಭಯಕ್ಕೆ ಆಧಾರವು ತೆಳುವಾಯಿತು. ಆದರೆ ಆ ಲಕೋಟೆಯನ್ನು ಎಲ್ಲಿಡಬೇಕು, ಯಾರು ಒಡೆಯಬೇಕು ಎಂಬ ಪ್ರಶ್ನೆಯು ಅಲ್ಲಿಗೆ ತೀರಲಿಲ್ಲ. ಅಂದಿನಿಂದ ಕಟ್ಟಿದ ಪ್ರತಿಯೊಂದು ನೌಕೆಯೂ ಆ ಪ್ರಶ್ನೆಗೆ ತನ್ನದೇ ಆದ ಉತ್ತರವನ್ನು ಹೇಳಬೇಕಾಯಿತು.

ಅಮೆರಿಕದಲ್ಲಿ ಜಗಳವು ಬೇರೊಂದು ದಿಕ್ಕಿನಿಂದ ಬಂದಿತು. ೧೯೫೯ರ ಏಪ್ರಿಲ್‌ನಲ್ಲಿ ಅಲ್ಲಿಯ ಸರ್ಕಾರವು ಮರ್ಕ್ಯುರಿ ಯೋಜನೆಗೆ ಆರಿಸಿದ ಏಳು ಮಂದಿಯೂ ಸೈನ್ಯದ ಪರೀಕ್ಷಾಚಾಲಕರು. ಹೊಸ ವಿಮಾನವು ಎಲ್ಲಿ ಹೇಗೆ ಕೈಕೊಡುವುದೆಂಬುದನ್ನು ತಮ್ಮ ಮೈಮೇಲೆ ಎಳೆದುಕೊಂಡು ತಿಳಿಯುವುದೇ ಅವರ ವೃತ್ತಿ. ಅಂಥವರನ್ನು ಕರೆದುತಂದು, ತಾನೇ ಹೋಗಿ ತಾನೇ ಬರುವ ಡಬ್ಬಿಯೊಂದನ್ನು ತೋರಿಸಿ ಇದರೊಳಗೆ ಕುಳಿತಿರಿ ಎಂದರೆ ಅವರಿಗೆ ಹೇಗಾಗಿರಬೇಡ! ಮಂಗ ಮಾಡುವ ಕೆಲಸಕ್ಕೆ ಚಾಲಕನೇಕೆ ಎಂದು ಅವರ ಓರಗೆಯ ವೈಮಾನಿಕರೇ ಹಂಗಿಸಿದರು. ಏಳು ಮಂದಿಯೂ ಒಟ್ಟಾಗಿ ಹಟ ಹಿಡಿದು, ಹೊರಗೆ ನೋಡಲು ಸರಿಯಾದ ಕಿಟಕಿ ಬೇಕು, ಒಳಗಿನಿಂದ ತೆರೆಯಬಲ್ಲ ಬಾಗಿಲು ಬೇಕು, ಕೈಯಿಂದ ನಡೆಸುವ ನಿಯಂತ್ರಣ ಬೇಕು ಎಂದು ಕೇಳಿ ಪಡೆದುಕೊಂಡರು. ಕುರುಕ್ಷೇತ್ರದಲ್ಲಿ ಕರ್ಣನ ರಥವನ್ನು ಹಿಡಿದಿದ್ದ ಶಲ್ಯನು ಸರ್ಪಾಸ್ತ್ರದ ಗುರಿ ತಪ್ಪಿರುವುದನ್ನು ಕಂಡು, ತಿದ್ದಿಕೋ ಎಂದು ಹೇಳಿಯೂ ಹೇಳಿದನು. ಒಮ್ಮೆ ತೊಟ್ಟ ಬಾಣವನ್ನು ಮತ್ತೆ ತೊಡೆನೆಂದ ಕರ್ಣನು ಆ ಮಾತಿಗೆ ಕಿವಿಗೊಡಲಿಲ್ಲ. ತಪ್ಪನ್ನು ಕಣ್ಣಾರೆ ಕಂಡೂ ತಿದ್ದುವ ಅಧಿಕಾರವಿಲ್ಲದೆ ಕುಳಿತಿರುವ ಆ ಸಂಕಟವೇ ಈ ಏಳು ಮಂದಿಯ ಭಯವಾಗಿದ್ದಿತು.

ಅವರ ವಾದಕ್ಕೆ ಮೊದಲ ಸಾಕ್ಷ್ಯವನ್ನು ಒದಗಿಸಿದುದು ಒಂದು ಮೂಕಪ್ರಾಣಿ. ೧೯೬೧ರ ನವೆಂಬರ್ ೨೯ರಂದು ಈನಾಸ್ ಎಂಬ ಚಿಂಪಾಂಜಿಯನ್ನು ಮೂರು ಸುತ್ತಿನ ಯಾತ್ರೆಗೆ ಕಳುಹಿಸಿದರು. ಸರಿಯಾದ ಸನ್ನೆಯನ್ನು ಎಳೆದರೆ ನೆಮ್ಮದಿ, ತಪ್ಪಾದುದನ್ನು ಎಳೆದರೆ ಅಂಗಾಲಿಗೆ ವಿದ್ಯುತ್ತಿನ ಪೆಟ್ಟು ಎಂಬ ಏರ್ಪಾಟು ಹಾರಾಟದ ನಡುವೆ ಕೆಟ್ಟುಹೋಗಿ, ಸರಿಯಾದುದನ್ನು ಎಳೆದಾಗಲೂ ಪೆಟ್ಟು ಬೀಳತೊಡಗಿತು. ಆದರೂ ಆ ಪ್ರಾಣಿಯು ಕಲಿತ ಪಾಠವನ್ನು ಬಿಡದೆ ಸರಿಯಾದುದನ್ನೇ ಎಳೆಯುತ್ತ ಹೋಯಿತೆಂಬುದನ್ನು ನೆನೆದರೆ ಮನಸ್ಸು ಮುದುಡುತ್ತದೆ. ಅದೇ ವೇಳೆಗೆ ನೌಕೆಯ ದಿಕ್ಕನ್ನು ಕಾಯುವ ಸಣ್ಣ ಜೆಟ್ಟುಗಳಲ್ಲೊಂದು ಕೆಟ್ಟು, ನೌಕೆಯು ವಾಲುವುದು, ಸ್ವಯಂಚಾಲಿತ ವ್ಯವಸ್ಥೆಯು ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು, ಅದು ಪುನಃ ವಾಲುವುದು, ಹೀಗೆ ಇಂಧನವು ವೃಥಾ ಸೋರಿಹೋಗುತ್ತಿರಲು, ಎರಡೇ ಸುತ್ತುಗಳಿಗೆ ಅದನ್ನು ಕೆಳಗಿಳಿಸಬೇಕಾಯಿತು. ಒಳಗೆ ಮನುಷ್ಯನಿದ್ದಿದ್ದರೆ ಯಂತ್ರವನ್ನು ಬದಿಗೊತ್ತಿ ಮೂರನೆಯ ಸುತ್ತನ್ನೂ ಮುಗಿಸುತ್ತಿದ್ದನೆಂದು ಚಾಲಕರ ಪಕ್ಷದವರು ಹೇಳಿದರು. ಮೂರು ತಿಂಗಳು ಕಳೆಯುವುದರೊಳಗಾಗಿ, ೧೯೬೨ರ ಫೆಬ್ರವರಿ ೨೦ರಂದು, ಹೆಚ್ಚುಕಡಿಮೆ ಅಂಥದೇ ತೊಂದರೆಯು ಜಾನ್ ಗ್ಲೆನ್ನರ ನೌಕೆಗೂ ಬಂದಿತು. ಅವರು ನಿಯಂತ್ರಣವನ್ನು ಕೈಗೆ ತೆಗೆದುಕೊಂಡು ಮೂರು ಸುತ್ತುಗಳನ್ನೂ ಮುಗಿಸಿಯೇ ಇಳಿದರು.

ಹಾಗೆಂದು ಕೈಯೇ ಗೆದ್ದಿತೆಂದು ಬರೆದು ಅಧ್ಯಾಯವನ್ನು ಮುಗಿಸುವಂತಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಹಾರಿದ ಸ್ಕಾಟ್ ಕಾರ್ಪೆಂಟರ್ ಎರಡು ನಿಯಂತ್ರಣಗಳನ್ನೂ ಏಕಕಾಲದಲ್ಲಿ ತೆರೆದಿಟ್ಟುಕೊಂಡು ಇಂಧನವನ್ನು ಕಳೆದುಕೊಂಡರು. ದಿಗಂತವನ್ನು ಗುರುತಿಸುವ ಉಪಕರಣವೂ ಅವರಿಗೆ ಕೈಕೊಟ್ಟಿದ್ದಿತು. ಇಳಿಯುವ ಕ್ಷಣದಲ್ಲಿ ನೌಕೆಯ ಮುಖವು ಓರೆಯಾಗಿದ್ದು, ರಾಕೆಟ್ಟುಗಳು ಮೂರು ಸೆಕೆಂಡು ತಡವಾಗಿ ಹೊತ್ತಿಕೊಂಡು, ಅವರು ಗುರಿಯಿಂದ ೪೦೦ ಕಿಲೋಮೀಟರಿನಷ್ಟು ಆಚೆ ಸಮುದ್ರಕ್ಕೆ ಬಿದ್ದರು. ಮರುವರ್ಷ, ೧೯೬೩ರ ಮೇ ತಿಂಗಳಲ್ಲಿ, ಗಾರ್ಡನ್ ಕೂಪರ್ ಮರ್ಕ್ಯುರಿಯ ಕಡೆಯ ಯಾತ್ರೆಯನ್ನು ಕೈಗೊಂಡು ಭೂಮಿಯನ್ನು ೨೨ ಬಾರಿ ಸುತ್ತಿದರು. ಕೊನೆಕೊನೆಯ ಸುತ್ತುಗಳಲ್ಲಿ ನೌಕೆಯ ಒಂದೊಂದು ಅಂಗವೂ ನಿದ್ರೆಗೆ ಜಾರಿದಂತಾಯಿತು: ಮೊದಲು ಸುಳ್ಳು ಸೂಚನೆಯೊಂದು ಬೆಳಗಿತು, ಬಳಿಕ ದಿಕ್ಕು ಸೂಚಿಸುವ ಮುಳ್ಳುಗಳು ನಿಂತವು, ಆಮೇಲೆ ಸ್ವಯಂಚಾಲಿತ ವ್ಯವಸ್ಥೆಗೆ ವಿದ್ಯುತ್ತೇ ಇಲ್ಲವಾಯಿತು, ಅವರು ಉಸಿರಾಡುವ ಗಾಳಿಯಲ್ಲಿ ಅಂಗಾರಾಮ್ಲವು ಏರತೊಡಗಿತು. ಜಪಾನಿನ ಬಳಿ ಹಡಗೊಂದರಲ್ಲಿದ್ದ ಗ್ಲೆನ್ ರೇಡಿಯೋದಲ್ಲಿ ಸೆಕೆಂಡುಗಳನ್ನು ಎಣಿಸುತ್ತಿರಲು, ಕೂಪರ್ ಕಿಟಕಿಯಲ್ಲಿ ಕಾಣುವ ದಿಗಂತದ ರೇಖೆಗೆ ನೌಕೆಯನ್ನು ಸರಿಹೊಂದಿಸಿ, ಕೈಗಡಿಯಾರವನ್ನು ನೋಡಿಕೊಂಡು, ಇಳಿಯುವ ರಾಕೆಟ್ಟುಗಳನ್ನು ತಾವೇ ಹೊತ್ತಿಸಿದರು. ಕಾಯುತ್ತಿದ್ದ ವಿಮಾನವಾಹಕ ಹಡಗಿಗೆ ಅವರು ಇಳಿದ ಸ್ಥಳವು ಏಳು ಕಿಲೋಮೀಟರಿನಷ್ಟು ಸಮೀಪದಲ್ಲಿದ್ದಿತು. ಒಂದು ಕಿಟಕಿ, ಒಂದು ಗಡಿಯಾರ, ಸ್ನೇಹಿತನೊಬ್ಬನ ದನಿ. ಏಳು ಮಂದಿ ಹಟ ಹಿಡಿದು ಪಡೆದ ಕಿಟಕಿಯು ಅಂದು ತನ್ನ ಬೆಲೆಯನ್ನು ಸಂಪೂರ್ಣವಾಗಿ ತೀರಿಸಿತೆನ್ನಬೇಕು.

ಎರಡು ವರ್ಷಗಳ ತರುವಾಯ ರಷ್ಯನರೂ ತಮ್ಮ ಲಕೋಟೆಯನ್ನು ಒಡೆಯಬೇಕಾದ ದಿನ ಬಂದಿತು. ೧೯೬೫ರ ಮಾರ್ಚ್‌ನಲ್ಲಿ ವೋಸ್ಖೋದ್-೨ ನೌಕೆಯಿಂದ ಹೊರಗೆ ಬಂದು ಬಯಲಾಕಾಶದಲ್ಲಿ ತೇಲಿದ ಮೊದಲಿಗರಾದ ಅಲೆಕ್ಸೆಯ್ ಲಿಯೋನೊವ್ ಹೇಗೋ ಹೆಣಗಿ ಒಳಗೆ ಸೇರಿಕೊಂಡಿದ್ದರು. ಮರುದಿನ ಇಳಿಯುವ ವೇಳೆಗೆ ದಿಕ್ಕು ಹಿಡಿಯುವ ಯಂತ್ರವು ಕೈಕೊಟ್ಟಿತು. ನಾಯಕ ಪಾವೆಲ್ ಬೆಲ್ಯಾಯೆವ್ ಕೈಯಿಂದ ಇಳಿಸಲು ಅನುಮತಿ ಪಡೆದರಷ್ಟೆ. ಆದರೆ ಆ ನೌಕೆಯಲ್ಲಿ ಆಸನಗಳನ್ನು ಅಡ್ಡಡ್ಡ ತಿರುಗಿಸಿದ್ದುದರಿಂದ, ಭೂಮಿಯನ್ನು ನೋಡುವ ಗಾಜಿನ ಎದುರಿಗೆ ಬರಬೇಕಾದರೆ ಆಸನವನ್ನು ಬಿಟ್ಟು ಅಡ್ಡಲಾಗಿ ಮಲಗಿಕೊಳ್ಳಬೇಕಾಗಿದ್ದಿತು. ಹಾಗೆ ಮಲಗಿ ಗುರಿ ಹಿಡಿದು, ಬಳಿಕ ಇಬ್ಬರೂ ತಮ್ಮತಮ್ಮ ಆಸನಗಳಿಗೆ ಮರಳಿ, ನೌಕೆಯ ಸಮತೋಲವು ಕೆಟ್ಟಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ರಾಕೆಟ್ಟನ್ನು ಹೊತ್ತಿಸಿದರು. ಸೆಕೆಂಡಿಗೆ ಎಂಟು ಕಿಲೋಮೀಟರು ಓಡುವ ವಾಹನದಲ್ಲಿ ಇಷ್ಟು ತಡವೆಂದರೆ ನೂರಾರು ಕಿಲೋಮೀಟರು. ಅವರು ಬಿದ್ದುದು ಪೆರ್ಮ್ ಸೀಮೆಯ ಹಿಮ ಮುಚ್ಚಿದ ದಟ್ಟಡವಿಯಲ್ಲಿ, ಅಲ್ಲಿಯೇ ಎರಡು ರಾತ್ರಿಗಳನ್ನು ಕಳೆದರು. ಕೈಗೆ ಅಧಿಕಾರವನ್ನು ಕೊಟ್ಟವರು, ಕೈ ಮತ್ತು ಕಣ್ಣು ಒಂದೇ ಕಡೆ ಇರಬೇಕೆಂಬುದನ್ನು ಮರೆತಿದ್ದರು. ಅಂದು ಅವರ ಜೀವ ಉಳಿಸಿದುದು ಮನುಷ್ಯನ ಕೈಯೇ. ಆ ಕೈಯನ್ನು ಅಷ್ಟು ಕಷ್ಟಕ್ಕೆ ಸಿಲುಕಿಸಿದುದೂ, ಮನುಷ್ಯನು ಬಳಸಲಾರನೆಂದು ಎಣಿಸಿ ರಚಿಸಿದ ಒಂದು ನಕ್ಷೆಯೇ.

ಇನ್ನು ಚಂದ್ರಯಾನದ ವಿಚಾರ. ಅಪೋಲೋ ನೌಕೆಗೆ ದಾರಿ ತೋರಿಸುವ ಕೆಲಸವನ್ನು ೧೯೬೧ರಲ್ಲಿ ವಹಿಸಿಕೊಂಡ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಉಪಕರಣ ಪ್ರಯೋಗಾಲಯವು ಕಟ್ಟಿದ ಗಣಕಯಂತ್ರವು ಸುಮಾರು ೩೨ ಕಿಲೋಗ್ರಾಂ ತೂಗುತ್ತಿದ್ದಿತು. ಅದರ ಸ್ಥಿರಸ್ಮೃತಿಯಲ್ಲಿ ೩೬,೮೬೪ ಪದಗಳಿಗೂ ಅಳಿಸಿ ಬರೆಯಬಲ್ಲ ಸ್ಮೃತಿಯಲ್ಲಿ ೨,೦೪೮ ಪದಗಳಿಗೂ ಮಾತ್ರವೇ ಎಡೆಯಿದ್ದಿತು. ಆ ಸ್ಥಿರಸ್ಮೃತಿಯನ್ನು ನಿಜಾರ್ಥದಲ್ಲಿಯೇ ನೇಯುತ್ತಿದ್ದರು: ವಾಲ್ಥಮ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಹೆಂಗಸರು ಕುಳಿತು, ಸಣ್ಣ ಕಾಂತದ ಬಳೆಯೊಳಗಿಂದ ತಂತಿಯನ್ನು ಹಾಯಿಸಿದರೆ ಒಂದು, ಹೊರಗಿಂದ ಹಾಯಿಸಿದರೆ ಸೊನ್ನೆ ಎಂಬ ಲೆಕ್ಕದಲ್ಲಿ, ಚಂದ್ರನಿಗೆ ಹೋಗುವ ದಾರಿಯನ್ನೆಲ್ಲ ಎಳೆಯೆಳೆಯಾಗಿ ಹೆಣೆದರು. ಯಾತ್ರಿಕರು ಈ ಯಂತ್ರದೊಡನೆ ಮಾತಾಡುತ್ತಿದ್ದುದು ಕ್ರಿಯಾಪದ, ನಾಮಪದಗಳೆಂಬ ಎರಡು ಗುಂಡಿಗಳ ಮೂಲಕ. ಏನು ಮಾಡಬೇಕೆಂಬುದಕ್ಕೊಂದು ಅಂಕಿ, ಯಾವುದನ್ನು ಎಂಬುದಕ್ಕೊಂದು ಅಂಕಿ. ವ್ಯಾಕರಣವು ಅಷ್ಟು ದೂರ ಪ್ರಯಾಣ ಮಾಡಿತಲ್ಲಾ ಎಂದು, ಬಾಲ್ಯದಲ್ಲಿ ವ್ಯಾಕರಣವನ್ನು ಬಾಯಿಪಾಠ ಮಾಡಿದ ನನ್ನಂಥವನಿಗೆ ಸಂತೋಷವಾಗುತ್ತದೆ.

ಚಂದ್ರನ ಮೇಲೆ ಇಳಿಯುವುದಕ್ಕೆ ಈ ಗಣಕದಲ್ಲಿ ಅನುಕ್ರಮವಾದ ಕಾರ್ಯವಿಧಿಗಳಿದ್ದವು. ಅರುವತ್ತಮೂರನೆಯದು ವೇಗವನ್ನು ತಗ್ಗಿಸುವುದು. ಅರುವತ್ತನಾಲ್ಕನೆಯದು ಇಳಿಯುವ ತಾಣವನ್ನು ಯಾತ್ರಿಕನ ಕಣ್ಣಿಗೆ ತೋರುವುದು. ಅರುವತ್ತೈದನೆಯದು ಮನುಷ್ಯನ ಕೈಯೇ ಸೋಕದಂತೆ ನೌಕೆಯನ್ನು ನೆಲಕ್ಕೆ ಇಳಿಸಿಬಿಡುವುದು. ಆ ಅರುವತ್ತೈದನ್ನು ಚಂದ್ರನ ಮೇಲೆ ಇಳಿದ ಆರು ತಂಡಗಳಲ್ಲಿ ಒಂದೂ ಉಪಯೋಗಿಸಲಿಲ್ಲ. ಎಲ್ಲರೂ ಅರುವತ್ತಾರನೆಯದಕ್ಕೆ ಹೊರಳಿ, ತಾವೇ ಹಿಡಿ ಹಿಡಿದು ಇಳಿದರು. ೧೯೬೯ರ ಜುಲೈ ೨೦ರಂದು ನೀಲ್ ಆರ್ಮ್‌ಸ್ಟ್ರಾಂಗ್ ಕಿಟಕಿಯಿಂದ ಕೆಳಗೆ ನೋಡಿದಾಗ, ಯಂತ್ರವು ಅವರನ್ನು ಕರೆದೊಯ್ಯುತ್ತಿದ್ದುದು ದೊಡ್ಡ ಕುಳಿಯೊಂದರ ಸುತ್ತ ಬಂಡೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಜಾಗಕ್ಕೆ. ಅವರು ಅರುವತ್ತಾರಕ್ಕೆ ಹೊರಳಿ, ಬಂಡೆಗಳ ಮೇಲೆ ಹಾದು ಮುಂದೆ ಸಾಗಿ, ಒಂದು ನಿಮಿಷಕ್ಕೂ ಕಡಿಮೆಯಷ್ಟು ಇಂಧನ ಉಳಿದಿದ್ದಾಗ ಸಮತಟ್ಟಾದ ನೆಲವನ್ನು ಮುಟ್ಟಿದರು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಯಂತ್ರ ತಡವರಿಸಿತು, ವೀರನು ಉಳಿಸಿಕೊಂಡನು ಎಂಬಂತೆ. ನನಗೆ ಅದು ಅರ್ಧಸತ್ಯವೆಂದು ಕಾಣುತ್ತದೆ. ಅರುವತ್ತಾರನೆಯ ವಿಧಿಯಲ್ಲಿ ಚಾಲಕನ ಕೈ ಎಂಜಿನ್ನಿಗೆ ನೇರವಾಗಿ ಮುಟ್ಟುತ್ತಿರಲಿಲ್ಲ. ನೌಕೆ ಎತ್ತ ವಾಲಬೇಕೆಂಬುದನ್ನು ಅವರ ಹಿಡಿಯು ಗಣಕಕ್ಕೆ ಹೇಳುತ್ತಿದ್ದಿತು, ಇಳಿಯುವ ವೇಗವನ್ನು ಸಣ್ಣದೊಂದು ಕೀಲು ಒಂದೊಂದು ತಟ್ಟಿಗೆ ಸೆಕೆಂಡಿಗೆ ಒಂದಡಿಯಷ್ಟು ಹೆಚ್ಚಿಸುತ್ತ ತಗ್ಗಿಸುತ್ತ ಇದ್ದಿತು, ಯಾವ ಜೆಟ್ಟನ್ನು ಎಷ್ಟು ಹೊತ್ತು ಉರಿಸಬೇಕೆಂಬುದನ್ನು ಗಣಕವೇ ನಿರ್ಣಯಿಸುತ್ತಿದ್ದಿತು. ಇದಕ್ಕೆ ಕೆಲವು ನಿಮಿಷಗಳ ಮೊದಲು ಅದೇ ಗಣಕವು ೧೨೦೨ ಎಂಬ ಅಪಾಯದ ಅಂಕಿಯನ್ನು ಮತ್ತೆಮತ್ತೆ ತೋರಿಸಿ ಎಲ್ಲರ ಎದೆಯನ್ನು ನಡುಗಿಸಿದ್ದಿತು. ಬೇಡವಾಗಿದ್ದ ರೇಡಾರೊಂದು ಅದರ ಕಾಲವನ್ನು ಕದಿಯುತ್ತಿದ್ದುದರಿಂದ ಕೆಲಸಗಳು ಮಿತಿಮೀರಿದ್ದವು. ಆದರೆ ಹಾಲ್ ಲ್ಯಾನಿಂಗ್ ಎಂಬ ಗಣಿತಜ್ಞರು ವರ್ಷಗಳ ಹಿಂದೆಯೇ, ಹೊರೆ ಹೆಚ್ಚಾದಾಗ ಮುಖ್ಯವಾದುದನ್ನು ಹಿಡಿದು ಗೌಣವಾದುದನ್ನು ಬಿಟ್ಟುಬಿಡುವ ವಿವೇಕವನ್ನು ಆ ಯಂತ್ರಕ್ಕೆ ಕಲಿಸಿಟ್ಟಿದ್ದರು. ಹ್ಯೂಸ್ಟನ್ನಿನಲ್ಲಿ ಕುಳಿತಿದ್ದ ಇಪ್ಪತ್ತಾರು ವರ್ಷದ ಸ್ಟೀವ್ ಬೇಲ್ಸ್, ಇಪ್ಪತ್ತನಾಲ್ಕರ ಜ್ಯಾಕ್ ಗಾರ್ಮನ್ ಎಂಬ ತರುಣರು, ಇದರಿಂದ ಕೇಡಿಲ್ಲ, ಮುಂದುವರಿಯಬಹುದು ಎಂದು ಕೆಲವೇ ಸೆಕೆಂಡುಗಳಲ್ಲಿ ನಿರ್ಣಯ ಕೊಟ್ಟರು. ಲ್ಯಾನಿಂಗರ ಮೇಜಿನ ಮೇಲೆ, ವಾಲ್ಥಮಿನ ನೇಯ್ಗೆಯಲ್ಲಿ, ಹ್ಯೂಸ್ಟನ್ನಿನ ತರುಣರ ದನಿಯಲ್ಲಿ, ಆರ್ಮ್‌ಸ್ಟ್ರಾಂಗರ ಬೆರಳಿನಲ್ಲಿ ಮನುಷ್ಯನ ವಿವೇಕವು ಬೇರೆಬೇರೆ ಕಾಲಗಳಲ್ಲಿ ಪ್ರವೇಶಿಸಿತು. ಇವುಗಳಲ್ಲಿ ಒಂದು ತಪ್ಪಿದ್ದರೂ ಆ ದಿನವು ಇನ್ನೊಂದು ರೀತಿಯಾಗುತ್ತಿದ್ದಿತು. ಅವರು ಚಂದ್ರನ ಮೇಲೆ ಇದ್ದಾಗಲೇ, ಜುಲೈ ೨೧ರಂದು, ರಷ್ಯದ ಲೂನಾ-೧೫ ಎಂಬ ನಿರ್ಮಾನುಷ ನೌಕೆಯು ಚಂದ್ರನ ಇನ್ನೊಂದೆಡೆ ಅಪ್ಪಳಿಸಿ ಒಡೆದುಹೋಯಿತು. ಮರುವರ್ಷ ಲೂನಾ-೧೬ ಯಾರ ಕೈಯ ನೆರವೂ ಇಲ್ಲದೆ ಇಳಿದು ೧೦೧ ಗ್ರಾಂ ಮಣ್ಣನ್ನು ತಂದಿತು. ಅಪೋಲೋದ ಆರು ತಂಡಗಳು ತಂದುದು ೩೮೨ ಕಿಲೋಗ್ರಾಂ.

ರಷ್ಯನರು ಕಕ್ಷೆಯಲ್ಲಿ ನೌಕೆಗಳನ್ನು ಜೋಡಿಸುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದರು. ೧೯೬೭ರ ಅಕ್ಟೋಬರ್ ೩೦ರಂದು ಕಾಸ್ಮೋಸ್ ೧೮೬, ೧೮೮ ಎಂಬ ನಿರ್ಮಾನುಷ ನೌಕೆಗಳೆರಡು ತಾವಾಗಿಯೇ ಹುಡುಕಿಕೊಂಡು ಕೂಡಿದುದು ನಿಜವಾಗಿಯೂ ಮಹತ್ತಾದ ಸಾಧನೆ. ಆದರೆ ಆ ವ್ಯವಸ್ಥೆಯು ನಡೆಯಬೇಕಾದರೆ ಎದುರಿನ ನೌಕೆಯೂ ಎಚ್ಚರವಾಗಿದ್ದು ಉತ್ತರ ಕೊಡಬೇಕು. ೧೯೮೪ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ಅವರು ವಾಸವಾಗಿದ್ದು ಬಂದ ಸಲ್ಯೂತ್-೭ ನಿಲ್ದಾಣವು ಮರುವರ್ಷದ ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಮೂಕವಾಗಿ, ವಿದ್ಯುತ್ತಿಲ್ಲದೆ ತಣ್ಣಗಾಗಿ, ಒಳಗೆಲ್ಲ ಹಿಮಗಟ್ಟಿತು. ೧೯೮೫ರ ಜೂನ್‌ನಲ್ಲಿ ವ್ಲಾದಿಮಿರ್ ಜಾನಿಬೆಕೊವ್ ಆ ಜಡವಸ್ತುವನ್ನು ಕಣ್ಣಿನಿಂದಲೇ ಗುರುತಿಸಿ, ಜೊತೆಗಾರ ವಿಕ್ತೊರ್ ಸವಿನಿಖ್ ಕೈಯಲ್ಲಿ ಹಿಡಿದ ಲೇಸರ್ ಉಪಕರಣದಿಂದ ದೂರವನ್ನು ಅಳೆದು ಹೇಳುತ್ತಿರಲು, ನೌಕೆಯನ್ನು ಅದಕ್ಕೆ ತಂದು ತಾಗಿಸಿದರು. ಬಳಿಕ ಇಬ್ಬರೂ ಚಳಿಯಲ್ಲಿ ದುಡಿದು ನಿಲ್ದಾಣಕ್ಕೆ ಮತ್ತೆ ಜೀವ ತಂದರು. ಇದನ್ನೇ ಆಧಾರವಾಗಿಟ್ಟುಕೊಂಡು ಕೈಯನ್ನು ಹೊಗಳುವವರು ೧೯೯೭ರ ಜೂನ್ ೨೫ನ್ನೂ ನೆನೆಯಬೇಕು. ಅಂದು ಮೀರ್ ನಿಲ್ದಾಣದೊಳಗೆ ಕುಳಿತು ಟೆಲಿವಿಷನ್ ಚಿತ್ರವೊಂದನ್ನೇ ನಂಬಿ, ದೂರವೆಷ್ಟೆಂಬ ಅಳತೆ ಸಿಗದೆ, ಸರಕಿನ ನೌಕೆಯನ್ನು ಕೈಯಿಂದ ನಡೆಸಿದಾಗ ಅದು ಬಂದು ನಿಲ್ದಾಣಕ್ಕೆ ಬಡಿದು ಸ್ಪೆಕ್ತರ್ ಎಂಬ ಕೋಣೆಯನ್ನು ಸೀಳಿತು. ನಡೆಸಿದವನನ್ನು ದೂಷಿಸುವುದು ಸುಲಭ. ನನಗಾದರೋ ವೋಸ್ಖೋದದ ಅಡ್ಡ ತಿರುಗಿಸಿದ ಆಸನಗಳೇ ನೆನಪಾಗುತ್ತವೆ.

ಇದೇ ಪ್ರಶ್ನೆಗೆ ಎರಡು ದೇಶಗಳೂ ಕೊಟ್ಟ ಉತ್ತರಗಳು ರೆಕ್ಕೆಯುಳ್ಳ ನೌಕೆಗಳಲ್ಲಿ ಒಂದಕ್ಕೊಂದು ಬೆನ್ನು ಮಾಡಿ ನಿಂತವು. ಅಮೆರಿಕದ ಶಟಲ್ ೧೯೮೧ರಲ್ಲಿ ತನ್ನ ಮೊದಲ ಹಾರಾಟವನ್ನೇ ಇಬ್ಬರು ಯಾತ್ರಿಕರೊಡನೆ ಮಾಡಿತು. ಇಳಿಯುವಾಗ ಚಕ್ರಗಳನ್ನು ಹೊರಚಾಚುವ ಗುಂಡಿಯನ್ನು ಮನುಷ್ಯನ ಬೆರಳೇ ಒತ್ತಬೇಕಾದಂತೆ ಅದರ ರಚನೆಯಿದ್ದಿತು. ರಷ್ಯದ ಬುರಾನ್ ೧೯೮೮ರ ನವೆಂಬರ್ ೧೫ರಂದು ಒಬ್ಬನೂ ಇಲ್ಲದೆ ಭೂಮಿಯನ್ನು ಎರಡು ಬಾರಿ ಸುತ್ತಿ ಬೈಕನೂರಿಗೆ ಮರಳಿತು. ಬಿರುಗಾಳಿ ಬೀಸುತ್ತಿದ್ದಿತು, ಓಡುದಾರಿಯ ಬಳಿಗೆ ಬಂದ ಬುರಾನ್ ಕೆಳಗಿದ್ದವರು ನಿರೀಕ್ಷಿಸಿದ ಪಥವನ್ನು ಬಿಟ್ಟು ಇದ್ದಕ್ಕಿದ್ದಂತೆ ಬೇರೆಡೆಗೆ ತಿರುಗಲು, ಕೆಟ್ಟಿತೆಂದೇ ಹಲವರು ಭಾವಿಸಿದರು. ಅದು ಗಾಳಿಯ ಲೆಕ್ಕ ಹಾಕಿ ವೇಗವನ್ನು ಕಳೆದುಕೊಳ್ಳಲು ಮತ್ತೊಂದು ದಾರಿಯನ್ನು ಆರಿಸಿಕೊಂಡಿತ್ತಷ್ಟೆ. ಓಡುದಾರಿಯ ನಡುಗೆರೆಯಿಂದ ಕೆಲವೇ ಮೀಟರುಗಳ ಅಂತರದಲ್ಲಿ ಇಳಿದು ನಿಂತಿತು. ಮತ್ತೊಮ್ಮೆ ಅದು ಹಾರಲಿಲ್ಲ.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಸಂಜೆ ಸಲ್ಲುತ್ತದೆ. ೨೦೧೯ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-೨ರ ವಿಕ್ರಮ ನೌಕೆಯು ಚಂದ್ರನ ನೆಲ ಮುಟ್ಟುವ ಮುನ್ನವೇ ಹತೋಟಿ ತಪ್ಪಿ ಅಪ್ಪಳಿಸಿದ ಮೇಲೆ, ಏನೇನು ತಪ್ಪಬಹುದೆಂಬುದನ್ನೆಲ್ಲ ಮುಂದಾಗಿ ಎಣಿಸಿ, ಅಂಥ ಒಂದೊಂದು ತಪ್ಪನ್ನೂ ತಡೆದುಕೊಳ್ಳುವಂತೆ ಹೊಸ ವಿಕ್ರಮವನ್ನು ಕಟ್ಟಿದರು. ೨೦೨೩ರ ಆಗಸ್ಟ್ ೨೩ರ ಸಂಜೆ ೫ ಗಂಟೆ ೪೪ ನಿಮಿಷದ ಸುಮಾರಿಗೆ ಇಳಿತದ ಕಾರ್ಯವು ಆರಂಭವಾದ ಮೇಲೆ ಬೆಂಗಳೂರಿನ ನಿಯಂತ್ರಣಕೇಂದ್ರದಲ್ಲಿ ಕುಳಿತಿದ್ದವರಿಗೆ ನೋಡುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಮೂರಂಕಿಯ ಲಕೋಟೆಯು ಈ ಸಲ ನೌಕೆಯೊಳಗೆ ಇರಲಿಲ್ಲ, ಭೂಮಿಯ ಮೇಲೂ ಇರಲಿಲ್ಲ. ಅಂಥ ಲಕೋಟೆಗಳನ್ನೆಲ್ಲ ನಾಲ್ಕು ವರ್ಷಗಳ ಕಾಲ ಮೇಜುಗಳ ಮೇಲೆ ಒಂದೊಂದಾಗಿ ಒಡೆದು ಓದಿ ಮುಗಿಸಿದ್ದರು. ನೆಲಕ್ಕೆ ೧೫೦ ಮೀಟರು ಉಳಿದಿರಲು ವಿಕ್ರಮವು ಇಳಿಯುವುದನ್ನು ನಿಲ್ಲಿಸಿ, ಇದ್ದಲ್ಲಿಯೇ ತೇಲುತ್ತ, ತನ್ನ ಕ್ಯಾಮೆರಾಗಳಿಂದ ಕೆಳಗಿನ ಬಂಡೆಗಳನ್ನೂ ಕುಳಿಗಳನ್ನೂ ನೋಡಿ, ಸಮತಟ್ಟಾದ ಜಾಗವನ್ನು ಅರಸಿತು. ಐವತ್ತನಾಲ್ಕು ವರ್ಷಗಳ ಹಿಂದೆ ಆರ್ಮ್‌ಸ್ಟ್ರಾಂಗ್ ಕಿಟಕಿಯಿಂದ ನೋಡಿದಂತೆಯೇ ನೋಡಿತು. ಆರು ಗಂಟೆ ನಾಲ್ಕು ನಿಮಿಷಕ್ಕೆ ಅದರ ಕಾಲುಗಳು ಚಂದ್ರನ ದಕ್ಷಿಣಭಾಗದ ಧೂಳನ್ನು ಮುಟ್ಟಿದವು. ಬೆಂಗಳೂರಿನ ಆ ಕೋಣೆಯಲ್ಲಿ, ಸುಮಾರು ಇಪ್ಪತ್ತು ನಿಮಿಷಗಳಿಂದ ಸುಮ್ಮನಿದ್ದ ಕೈಗಳೆಲ್ಲವೂ ಒಮ್ಮೆಗೇ ಮೇಲೆದ್ದವು.